ನೀಲಿ ಅಂಚಿನ ತಟ್ಟೆ

ಶಿಮೋನಿ
ಬುಧವಾರ, ಅಸರ್ ನಮಾಜು ಮುಗಿಸಿ

ಸೌಮು ಅತ್ತಿಗೆಗೆ ಫೆರೂಜಿಯ ಸಲಾಂ.

ಹಾಗಲ್ಲ ಅತ್ತಿಗೆ, ತಟ್ಟೆ ದೋಣಿಯ ಸಾಮಾನು, ನಿಮ್ಮ ತಂಗಿ ಮ್ವನತುಮುವಿನ ಸಾಮಾನಲ್ಲ ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದು ಜಗಳಕ್ಕಲ್ಲ. ನೀವು ಮಾತ್ರ, “ಅದು ನಮ್ಮಮ್ಮನ ಮನೇದು. ನನ್ನ ತಂಗಿ ಹೋದ ನಲವತ್ತರ ದಿನ ಅವಳ ವಸ್ತು ಒಂದೂ ಬಿಡದೆ ಹಂಚಬೇಕು. ಸತ್ತವಳ ತಟ್ಟೇಲಿ ಬಿಳಿಯರಿಗೆ ಅನಾನಸು ಕೊಡ್ತಾ ಕೂತಿದ್ದೀರಲ್ಲ, ನಿಮಗೇನೂ ಅನ್ಸಲ್ವಾ?” ಎಂದಿರಿ. ಆಮೇಲೆ ಅತ್ತಿರಿ. ಯಾರಾದರೂ ಅತ್ತರೆ ಫೋನನ್ನು ಕಿವಿಯಲ್ಲೇ ಇಟ್ಟುಕೊಳ್ಳಬೇಕೋ ದೂರ ಹಿಡಿಯಬೇಕೋ ನನಗೆ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಸಂಜೆ ನಿಮ್ಮ ಮಗ ಅಥುಮಾನಿ ನಿಮ್ಮೂರು ವಾಂಗಾಕ್ಕೆ ಬರುವಾಗ ಬಟ್ಟೆಯ ಗಂಟಿನ ಜೊತೆ ತಂದುಕೊಡುತ್ತಾನೆ.

ಏನೂ ಅನಿಸುವುದಿಲ್ಲವೇ ಎಂದು ಕೇಳಿದಿರಿ. ಅನಿಸುವುದಿಲ್ಲ ಅತ್ತಿಗೆ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದಂತೆ ಇರುತ್ತದೆ, ಹಾಗೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಮಸೀದಿಯ ಕಟ್ಟೆಯ ಮೇಲೆ ಗೆಳೆಯರು, “ಫೆರೂಜಿ ಗಟ್ಟಿ ಮನುಷ್ಯ” ಎನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ಬಟ್ಟೆಗಳನ್ನು ಮಡಚಿಟ್ಟಿದ್ದೇನೆ. ಅವಳು ಉಟ್ಟು ಹೊದೆಯುತ್ತಿದ್ದ ಖಾಂಗಾಗಳೆಲ್ಲ ಜೋಡಿಯಾಗಿಯೇ ಇವೆ, ಹಳದಿಯದು ಮಾತ್ರ ಒಂಟಿ. ಅದರ ಜೋಡಿಯಿಂದ ನಾನು ಎಂಜಿನ್ ಒರೆಸಿಬಿಟ್ಟೆನೆಂದು ಅವಳು ಬದುಕಿದ್ದಷ್ಟು ದಿನವೂ ಬೈದಳು. ಕೆಂಪು ಖಾಂಗಾದ ಮೇಲೆ ಅಚ್ಚಾಗಿರುವ ಚುಚ್ಚುಮಾತನ್ನು ಓದಿ ಬೇಸರಪಡಬೇಡಿ. ಪಕ್ಕದ ಮನೆಯವಳು ಬಟ್ಟೆ ಒಣಹಾಕಲು ಬರುವ ಹೊತ್ತಿಗೆ ಎದುರಿಗೆ ಕಾಣಲೆಂದೇ ಅದನ್ನು ಕೊಂಡದ್ದು.

ಇನ್ನು ತಟ್ಟೆಯ ಸಂಗತಿ. ವಾಂತಿಯಾಗುತ್ತದೆಂದು ನೀವು ಒಂದು ದಿನವೂ ನಮ್ಮ ದೋಣಿ ಹತ್ತಲಿಲ್ಲ. ಹಾಗಾಗಿ ತಟ್ಟೆಗೆ ಅಲ್ಲೇನು ಕೆಲಸವೆಂದು ನಿಮಗೆ ಗೊತ್ತಿಲ್ಲ. ಗಾಳಿಸಿಲಿಂಡರು ಕಟ್ಟಿಕೊಂಡು ಆಳಕ್ಕೆ ಇಳಿಯುವವರು ಅಥುಮಾನಿಯ ಪಾಲು, ಅವನೇ ಕರೆದೊಯ್ದು ಅವನೇ ಎಣಿಸಿ ತರುತ್ತಾನೆ. ನೀರಿನ ಮೇಲೇ ತೇಲಿಕೊಂಡು ಮುಖ ಮುಳುಗಿಸಿ ಹವಳ ನೋಡುವವರು ನಮ್ಮ ಪಾಲು. ಅವರಲ್ಲಿ ಒಬ್ಬೊಬ್ಬರು ನೀರಿಗೆ ಬಿದ್ದಾಗಲೂ ಮ್ವನತುಮು ಪೆಟ್ಟಿಗೆಯ ಮೇಲೆ ಒಂದೊಂದು ಬಿಳಿ ತಟ್ಟೆ ಬೋರಲು ಹಾಕುತ್ತಿದ್ದಳು. ಏಣಿ ಹತ್ತಿ ಬಂದವರಿಗೆ ಅದನ್ನೇ ಎತ್ತಿ ಅನಾನಸು, ಎಳೆ ತೆಂಗಿನಕಾಯಿ ಹಾಕಿ ಕೊಡುವುದು. ಕೊನೆಗೆ ಅವಳು ತನಗೆಂದು ಹಾಕಿಕೊಂಡ ನೀಲಿ ಅಂಚಿನದು ಒಂದೇ ಉಳಿಯುತ್ತಿತ್ತು. ಅದನ್ನು ಅವಳು ಎತ್ತಿಕೊಂಡರೆ ನಾನು ಎಂಜಿನ್ ಚಾಲು ಮಾಡುವುದು. ಇಷ್ಟು ವರ್ಷ ನಮ್ಮಲ್ಲಿ ‘ಹೊರಡೋಣವಾ’ ಎಂಬ ಮಾತೇ ಇರಲಿಲ್ಲ.

ಅವಳು ಹೋದ ಮೇಲೆ ತಟ್ಟೆ ಹಾಕುವವನು ನಾನು. ಕೈ ತಾನಾಗಿ ನೀಲಿಯದನ್ನೂ ಹಾಕುತ್ತದೆ. ಎತ್ತಿಕೊಳ್ಳುವವರಿಲ್ಲ. ಆದ್ದರಿಂದ ಒಂದು ತಟ್ಟೆ ಉಳಿದರೆ ಎಲ್ಲರೂ ಬಂದರು ಎಂದು ಲೆಕ್ಕ.

ನಿನ್ನೆ ಫೋನಿನಲ್ಲಿ ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಅಥುಮಾನಿ ಹೇಗೂ ಹೇಳುತ್ತಾನೆ.

ನಿನ್ನೆಯವರು ಡೆನ್ಮಾರ್ಕಿನವರು. ಸಾವೋ ಕಾಡಿನಲ್ಲಿ ಆನೆ ನೋಡಿಕೊಂಡು ನೇರ ಇಲ್ಲಿಗೆ ಬಂದವರು, ಚೀಲಗಳ ಮೇಲೆ ಇನ್ನೂ ಕೆಂಪು ಧೂಳು. ಅಥುಮಾನಿ ನನ್ನ ಕಿವಿಯಲ್ಲಿ, “ಆನೆ ನೋಡಿ ಬಂದವ್ರಿಗೆ ಸಮುದ್ರದಲ್ಲೂ ಆನೆನೇ ಬೇಕು ಚಿಕ್ಕಪ್ಪ, ಸಣ್ಣ ಮೀನು ತೋರಿಸಿದ್ರೆ ಮುಖ ಸಿಂಡರಿಸ್ತಾರೆ” ಎಂದ. ಅವರಲ್ಲಿ ಬೆಂಟೆ ಎಂಬ ಹೆಂಗಸು ನಿಮ್ಮ ವಯಸ್ಸಿನವಳು, ಶಾಲೆಯ ಟೀಚರಾಗಿದ್ದವಳು. ಆಕೆಗೆ ಮಾತ್ರ ಸಣ್ಣ ಮೀನೇ ಸಾಕಾಗಿತ್ತು.

ಉತ್ತರದ ಗಾಳಿ ಹಿತವಾಗಿತ್ತು, ನೀರು ತಿಳಿ. ನೀರಿಗಿಳಿದವರು ಒಬ್ಬೊಬ್ಬರಾಗಿ ಹತ್ತಿದರು. ನಾನು ದೋಣಿ ಕಟ್ಟಿದ ಹಗ್ಗದ ಹತ್ತಿರವಿದ್ದೆ. ತಿರುಗಿ ನೋಡಿದರೆ ಪೆಟ್ಟಿಗೆಯ ಮೇಲೆ ಒಂದು ತಟ್ಟೆ. ಹಗ್ಗ ಬಿಚ್ಚಿ ಹೊರಟೆ. ಮುಂದೆ ಡಾಲ್ಫಿನ್‌ಗಳು ಎದ್ದವು, ಜನವೆಲ್ಲ ಫೋನು ಹಿಡಿದು ದೋಣಿಯ ಮೂತಿಯ ಕಡೆ ಓಡಿದರು. ಹವಳದ ದಿಬ್ಬ ಹಿಂದೆ ಬಿದ್ದು ಎಷ್ಟೋ ದೂರ ಬಂದ ಮೇಲೆ ಅಥುಮಾನಿ ಬಂದು ನನ್ನ ತೋಳು ಹಿಡಿದ. ಜೋರಾಗಿ ಹೇಳಲಿಲ್ಲ. “ಚಿಕ್ಕಪ್ಪ, ಚಿಕ್ಕಮ್ಮನ ತಟ್ಟೆ ಆ ಗಡ್ಡದವನ ಕೈಲಿದೆ. ಮತ್ತೆ ಅಲ್ಲಿರೋದು ಯಾರ್ದು?”

ಗಡ್ಡದವನು ತನ್ನ ತಟ್ಟೆ ಮುಗಿಸಿ, ಹಸಿವು ತೀರದೆ ತಾನೇ ಅದನ್ನೂ ಎತ್ತಿಕೊಂಡಿದ್ದ. ಉಳಿದದ್ದು ಬಿಳಿಯದು. ನಾನು ಅದನ್ನು ನೋಡಿದ್ದೆ ಅತ್ತಿಗೆ, ನೋಡದೆ ಹೊರಟವನಲ್ಲ. ನೋಡಿದಾಗ ಅದು ನೀಲಿಯಾಗಿಯೇ ಇತ್ತು.

ದೋಣಿ ತಿರುಗಿಸಿದೆ. ಬೆಂಟೆ ಇದ್ದ ಜಾಗದಲ್ಲೇ ತೇಲುತ್ತಿದ್ದಳು, ಮುಖ ಮೇಲೆ ಮಾಡಿ, ಕೈಗಳನ್ನು ಅಗಲಿಸಿ. ಸೆಳೆತ ಇನ್ನೂ ಶುರುವಾಗಿರಲಿಲ್ಲ, ಅದು ದೇವರ ದಯೆ. ಏಣಿಯಲ್ಲಿ ನನ್ನ ಕೈ ಹಿಡಿದಳು, ಹತ್ತಿದ ಮೇಲೂ ಬಿಡಲಿಲ್ಲ. ಮೆಲ್ಲಗೆ ಕೇಳಿದಳು: ನೀವು ನನ್ನನ್ನು ಮರೆತಿರಾ. ನಾನು ಮೊಂಬಾಸಾ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತವನು. ಹೇಳಲು ಏನಾದರೂ ಸಿಗಬೇಕಿತ್ತು. ‘ನೆವರ್‌ದಿಲೆಸ್’ ಎಂಬ ಒಂದು ಪದ ಬಂತು, ಅದರ ಅರ್ಥ ಬರಲಿಲ್ಲ. ಅದನ್ನೇ ಹೇಳಿದೆ. ಆಕೆ ಸರಿ ಎಂಬಂತೆ ತಲೆಯಾಡಿಸಿದಳು. ಮಧ್ಯಾಹ್ನ ಊಟಕ್ಕೆ ಇಳಿದ ಮರಳ ದಿಬ್ಬದಲ್ಲಿ ತೆಂಗಿನಹಾಲಿನ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಯಾರ ಮೇಲೂ ದೂರು ಹೇಳಲಿಲ್ಲ.

ಬರುವ ದಾರಿಯಲ್ಲಿ ಅಥುಮಾನಿ, “ಇನ್ಮೇಲೆ ಅದನ್ನ ಇಡ್ಬೇಡಿ ಚಿಕ್ಕಪ್ಪ, ಕೈ ಮುಗಿತೀನಿ” ಎಂದ. ಬಿಳಿ ತಟ್ಟೆಗಳನ್ನೇ ಎಣಿಸಿದರಾಯಿತು, ನೀಲಿ ಪಕ್ಕದಲ್ಲಿರಲಿ ಎಂದೆ. ಸಂಜೆ ನಿಮ್ಮ ಫೋನು ಬಂತು. ನೀವೂ ಅದೇ ತಟ್ಟೆ ಕೇಳಿದಿರಿ. ಎಲ್ಲರೂ ಸೇರಿ ನನ್ನಿಂದ ಕಿತ್ತುಕೊಳ್ಳುತ್ತಿದ್ದೀರಿ ಎನಿಸಿತು. ನೋಡಿ, ಅಷ್ಟಾದರೂ ಅನಿಸಿದೆ.

ಗಂಟಿನಲ್ಲಿ ತಟ್ಟೆ ಹುಡುಕಬೇಡಿ. ಬಟ್ಟೆ, ಬೆಳ್ಳಿಯ ಬಳೆ, ಊದುಬತ್ತಿಯ ಪಾತ್ರೆ ಇವೆ. ಶುಕ್ರವಾರ ನಲವತ್ತರ ಕುರಾನ್ ಓದಿಸುವಾಗ ನನ್ನ ಹೆಸರಿನಲ್ಲೂ ಹಲ್ವಾ ಹಂಚಿ. ಇನ್ನೂ ಒಂದು ಮಾತಿತ್ತು, ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ, ಸಾಲು ಸಾಲಿನ ಮೇಲೆ ಹತ್ತುತ್ತಿದೆ. ಬೆಳಕು ಹೋಗುತ್ತಿದೆ ಅತ್ತಿಗೆ. ದೀಪ ಹಚ್ಚಲು ಏಳಬೇಕು, ಎದ್ದರೆ ಮತ್ತೆ ಕೂರುವುದಿಲ್ಲ.

ನಿಮ್ಮ ತಂಗಿಯ ಗಂಡ,
ಫೆರೂಜಿ

ಇದು ಗುರುವಾರ ಮಧ್ಯಾಹ್ನ ಬರೆದದ್ದು: ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಒಂಟಿ ಹಳದಿ ಖಾಂಗಾದಲ್ಲಿ ತಟ್ಟೆಯನ್ನು ಸುತ್ತಿ ತಳದಲ್ಲಿಟ್ಟಿದ್ದೇನೆ, ಜೋಪಾನ, ಅಂಚು ಒಂದು ಕಡೆ ಚಕ್ಕೆ ಎದ್ದಿದೆ. ಸಮುದ್ರಕ್ಕೆ ಹೋಗುವವರ ಮನೆಗೆ ಕೊಡಬೇಡಿ. ಇವತ್ತು ಬಿಳಿಯವನ್ನಷ್ಟೇ ಹಾಕಿದೆ. ಎಲ್ಲರೂ ಹತ್ತಿದರು, ಪೆಟ್ಟಿಗೆ ಬರಿದಾಯಿತು. ನಾನು ಅದನ್ನೇ ನೋಡುತ್ತಾ ಕೂತುಬಿಟ್ಟಿದ್ದೆ. ಕೊನೆಗೆ ಅಥುಮಾನಿ ಹತ್ತಿರ ಬಂದು, “ಹೊರಡೋಣ ಚಿಕ್ಕಪ್ಪ, ಇನ್ಯಾರೂ ಬರೋರಿಲ್ಲ” ಎಂದ.