‘ಬಿಗಿ’ ಎಂದವಳು

ಗಾಳಿಕೊಪ್ಪ ಪಾಲಿಟೆಕ್ನಿಕ್, ಕೂಗುಕಟ್ಟೆ
ಇಸವಿ ಎರಡು ಸಾವಿರದ ನೂರ ಎಂಬತ್ತೇಳು, ಫೆಬ್ರವರಿ ಮೂವತ್ತು

ಸಭೆಯಲ್ಲಿ ನೆರೆದ ಮಹಾಜನರೇ! ಮುಂದಿನ ಕುರ್ಚಿಗಳಲ್ಲಿ ಗಂಭೀರವಾಗಿ ಕುಳಿತಿರುವ ಪ್ರಿನ್ಸಿಪಾಲರೇ, ಹಿಂದಿನ ಬೆಂಚಿನ ಮಹಾರಾಜರೇ, ಕಿಟಕಿಯ ಸರಳಿಗೆ ಜೋತುಬಿದ್ದು ಪುಕ್ಕಟೆ ನೋಡುತ್ತಿರುವ ಪುಣ್ಯಾತ್ಮರೇ! ಗದ್ದಲ ನಿಲ್ಲಿಸಿ. ಶೇಂಗಾ ಸಿಪ್ಪೆ ಕೆಳಗಿಡಿ. ಮೂರನೆಯ ಗಂಟೆ ಬಾರಿಸಿಯಾಯಿತು, ಪರದೆ ಏಳುತ್ತಿದೆ, ಆದರೆ ರಂಗದ ಮೇಲೆ ನಿಂತವನು ಇನ್ನೂ ಹುಟ್ಟಿಯೇ ಇಲ್ಲ!

ಮೇಲಿನ ತಾರೀಖು ನೋಡಿ ನಕ್ಕಿರಿ, ಗೊತ್ತು. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು? ನಮ್ಮ ಕಾಲದಲ್ಲಿ ಜನವರಿಯೂ ಮಾರ್ಚೂ ತಲಾ ಒಂದು ದಿನ ಬಿಟ್ಟುಕೊಟ್ಟು ಆ ಬಡಪಾಯಿ ತಿಂಗಳನ್ನು ತಮ್ಮ ಸಮಕ್ಕೆ ಕೂರಿಸಿಕೊಂಡಿವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆಯಿರಲಿ. ನನ್ನ ತಾಯಿ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮುಗಿಸಿ, ಕಿರೀಟ ತೆಗೆಯುವಷ್ಟೂ ಪುರುಸೊತ್ತಿಲ್ಲದೆ ಪರದೆಯ ಹಿಂದೆ ನನ್ನನ್ನು ಹೆತ್ತವಳು. ಯಂತ್ರಗಳು ಎಂಥ ನಾಟಕವನ್ನಾದರೂ ಆಡಿ ತೋರಿಸುವ ಈ ಕಾಲದಲ್ಲೂ ನಮ್ಮ ಸೀಮೆಯ ಜನಕ್ಕೆ ಬೆವರುವ ರಾಜನೇ ಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಂಪನಿಯ ಪೆಟ್ಟಿಗೆಯಲ್ಲಿದ್ದ ಹಳೆಯ ನಾಟಕದ ಪ್ರತಿಗಳಿಂದ. ಹೀಗಾಗಿ ನನ್ನ ವಾಕ್ಯಗಳಿಗೆ ಒಂದಿಷ್ಟು ಪೌಡರು ಮೆತ್ತಿಕೊಂಡಿದ್ದರೆ ಒರೆಸಿಕೊಂಡು ಓದಿ.

ಈ ಕಾಗದ ನಿಮ್ಮ ಕಾಲದ ಕಾಲೇಜಿಗೆ, ನಿಮ್ಮ ಕೈಗೆ ಬಂದದ್ದು ಹಿಂದಂಚೆಯಿಂದ. ಹೋದ ಕಾಲಕ್ಕೆ ಟಪಾಲು ಒಯ್ಯುವ ಆ ಪೆಟ್ಟಿಗೆಯನ್ನು ಕೊನೆಯ ವರ್ಷದ ಎಲೆಕ್ಟ್ರಾನಿಕ್ಸ್ ಹುಡುಗಿಯರು ಪ್ರಾಜೆಕ್ಟಿಗೆಂದು ಕಟ್ಟಿದರು. ಉತ್ತರ ತರಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ಇವತ್ತು ನಾನು ಮಾತಾಡುತ್ತೇನೆ, ನೀವು ಕೇಳುತ್ತೀರಿ. ಇಂಥ ಸಭೆಗಾಗಿ ಯಾವ ನಟ ತಾನೇ ಹಂಬಲಿಸುವುದಿಲ್ಲ?

ನಾನು ರುದ್ರಮುನಿ ಹಲಗೇರಿ, ಈ ಪಾಲಿಟೆಕ್ನಿಕ್ಕಿನ ಕೂಗುಗಾರ. ಅಂಥ ನೌಕರಿ ನಿಮ್ಮಲ್ಲಿ ಇಲ್ಲವಲ್ಲ, ಹೇಳುತ್ತೇನೆ. ಕಪ್ಪತಗುಡ್ಡದ ಸೆರಗಿನಲ್ಲಿ ಸಾಲುಸಾಲಾಗಿ ನಿಂತು ಗಾಳಿಯಿಂದ ವಿದ್ಯುತ್ತು ತೆಗೆಯುವ ಗಾಳಿಕಂಬಗಳನ್ನು ಏರುವುದು, ಬಿಚ್ಚುವುದು, ರಿಪೇರಿ ಮಾಡುವುದು ನಮ್ಮ ಮಕ್ಕಳ ವಿದ್ಯೆ. ಬೆಳಗ್ಗೆ ಕಂಬ ಏರುವ ಮೊದಲು ಎಲ್ಲರೂ ಅಂಗಳದಲ್ಲಿ ನಿಲ್ಲುತ್ತಾರೆ. ನಾನು ಕಲ್ಲಿನ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರ ಹೆಸರನ್ನೂ ಗುಡ್ಡಕ್ಕೆ ತಾಗಿ ವಾಪಸು ಬರುವಂತೆ ಕೂಗುತ್ತೇನೆ. ಯಂತ್ರ ಹಾಜರಿ ಹಿಡಿಯಲಾರದೇ ಎಂದಿರಾ? ಗೇಟು ದಾಟುತ್ತಲೇ ನಮ್ಮ ನೆಲವೇ ಹೆಜ್ಜೆಯ ಗುರುತು ಹಿಡಿಯುತ್ತದೆ. ಯಾರು ಬಂದರೆಂದು ನೆಲ ಹೇಳೀತು, ಹೇಗಿದ್ದಾರೆಂದು ನೆಲಕ್ಕೇನು ಗೊತ್ತು? ಹಿಂದೊಂದು ಕಾಲದಲ್ಲಿ ಇಲ್ಲಿ ಹಾಜರಿ ಅಚ್ಚುಕಟ್ಟಾಗಿತ್ತಂತೆ, ಮಕ್ಕಳು ಮಾತ್ರ ವರ್ಷದ ನಡುವೆ ಸದ್ದಿಲ್ಲದೆ ಕಾಲೇಜು ಬಿಟ್ಟು ಹೋಗುತ್ತಿದ್ದರಂತೆ. ಆಗ ಯಾರೋ ಒಬ್ಬ ವರ್ಕ್‌ಶಾಪಿನ ಮೇಸ್ಟ್ರು, ‘ಹಾಜರ್’ ಎನ್ನುವುದನ್ನು ಬಿಟ್ಟು ಬೇರಿಂಗಿನ ಭಾಷೆಯಲ್ಲಿ ಉತ್ತರ ಕೊಡಿ ಎಂದರು. ಅಂದಿನಿಂದ ನಮ್ಮ ಅಂಗಳದಲ್ಲಿ ಮೂರೇ ಮಾತು.

ಬೇರಿಂಗಿನೊಳಗೆ ಶಾಫ್ಟು ಹದವಾಗಿ ತಿರುಗಿದರೆ ‘ಸರಿ’. ಗಡಗಡ ಅಲುಗಿದರೆ ‘ಸಡಿಲ’. ಬೆಳಗ್ಗೆ ಒಬ್ಬ ಹುಡುಗ ‘ಸಡಿಲ’ ಎಂದರೆ, ಯಾಕೆಂದು ಯಾರೂ ಕೇಳುವುದಿಲ್ಲ. ಸಂಜೆಯ ಚಹಾಕ್ಕೆ ಅವನ ಒತ್ತುಗೈ ಬಂದು ಪಕ್ಕದಲ್ಲಿ ಕೂರುತ್ತದೆ. ಒತ್ತುಗೈ ಎಂದರೆ ಸೇರಿದ ದಿನವೇ ಅವನಿಗೆ ಗೊತ್ತುಮಾಡಿದ ಒಬ್ಬ ಶಿಕ್ಷಕ, ಮೂರು ವರ್ಷವೂ ಅವನವನೇ. ಗಣಿತ ಬಾರದಿದ್ದರೆ ಗಣಿತ, ಕಂಬದ ಮೇಲೆ ತಲೆ ತಿರುಗಿದರೆ ಅದು, ಮನೆಯ ನೆನಪಾದರೆ ಮನೆಯ ಮಾತು. ಇನ್ನು ಮೂರನೆಯದು ‘ಬಿಗಿ’. ಬಿಗಿಯಾದ ಶಾಫ್ಟು ಬಿಸಿಯೇರುತ್ತದೆ, ಅದರ ಮೇಲೆ ಸುತ್ತಿಗೆ ಎತ್ತಬಾರದು. ‘ನನ್ನ ಮೇಲೆ ಭಾರ ಹಾಕಬೇಡಿ, ಒಂದಿಷ್ಟು ಜಾಗ ಬಿಡಿ’ ಎಂದು ಅದರ ಅರ್ಥ. ಬಿಗಿ ಎಂದವರಿಗೆ ಆ ದಿನ ತರಗತಿಯಲ್ಲಿ ಪ್ರಶ್ನೆಯಿಲ್ಲ, ಊಟದಲ್ಲಿ ಪಕ್ಕದ ಜಾಗ ಖಾಲಿ, ಹರಟೆ ಹೊಡೆಯುವವರೆಲ್ಲ ದೂರ. ಅದು ನಮ್ಮ ಮರ್ಯಾದೆ. ಈ ಮೂರು ಮಾತುಗಳಿಗೆ ಅರ್ಥ ಹೇಳಿಕೊಡುವ ಪದ್ಧತಿ ಮಾತ್ರ ಇರಲಿಲ್ಲ. ಇಲ್ಲಿಗೆ ಬರುವವರೆಲ್ಲ ಸುತ್ತಲಿನ ಊರಿನವರು. ಅಜ್ಜಿ ಇಲ್ಲೇ ಓದಿರುತ್ತಾಳೆ, ತೊಟ್ಟಿಲ ಮಗುವೂ ಹಸಿವಾದರೆ ‘ಸಡಿಲ’ ಎಂದೇ ಅಳುತ್ತದೆ.

ಈಗ ನಾಯಕಿಯ ಪ್ರವೇಶ! ಹಾರ್ಮೋನಿಯಂ ಇಲ್ಲ, ನೀವೇ ಬಾರಿಸಿಕೊಳ್ಳಿ.

ಜಲಜಾಕ್ಷಿ ಮೊಗವೀರ, ಮೊದಲ ವರ್ಷ. ಕುಂದಾಪುರದ ಕಡೆಯ ತೇಲೂರಿನವಳು. ಕಡಲು ಮುಂದೆ ಬಂದು ದಂಡೆ ನುಂಗಿದ ಮೇಲೆ ಅಲ್ಲಿಯ ಮೀನುಗಾರರು ನೀರಿನ ಮೇಲೆಯೇ ಮನೆ ತೇಲಿಸಿ, ಮನೆಗೆ ಮನೆಯನ್ನು ಹಗ್ಗದಿಂದ ಕಟ್ಟಿ ಊರು ಮಾಡಿಕೊಂಡಿದ್ದಾರೆ. ಅದೇ ತೇಲೂರು. ಆ ಊರಿಗೆ ಸ್ವಂತದ್ದೊಂದು ಗಾಳಿಕಂಬ ಬೇಕು, ಅದನ್ನು ನೋಡಿಕೊಳ್ಳಲು ತಮ್ಮವರೇ ಒಬ್ಬರು ಬೇಕು. ಹಾಗೆಂದು ಊರೆಲ್ಲ ಸೇರಿ ಕಳಿಸಿದ ಹುಡುಗಿ ಇವಳು. ಅಲ್ಲಿಂದ ಕಲಿಯಲು ಬಂದವರಲ್ಲಿ ಮೊದಲಿಗಳು.

ಮೊದಲ ಬೆಳಗ್ಗೆ ನಾನು ಹೆಸರು ಕೂಗಿದೆ. ಎದೆ ಸೆಟೆಸಿ, ಗಲ್ಲ ಎತ್ತಿ, ನನಗೆ ಸಮನಾದ ಗಂಟಲಿನಲ್ಲಿ ಕೂಗಿದಳು: “ಬಿಗೀ!”

ಭಲೇ ಕಂಠ! ನಮ್ಮ ಕಂಪನಿಯಲ್ಲಿದ್ದಿದ್ದರೆ ಎಂದುಕೊಂಡೆ. ಅಂಗಳ ಮಾತ್ರ ಮೆತ್ತಗಾಯಿತು. ಹೊಸಬಳು, ದೂರದವಳು, ಪಾಪ, ಜಾಗ ಬಿಡೋಣ ಎಂದು ಎಲ್ಲರೂ ಹಿಂದೆ ಸರಿದರು. ಮರುದಿನವೂ ಬಿಗಿ. ಅದರ ಮರುದಿನ ಇನ್ನೂ ಜೋರಾಗಿ ಬಿಗಿ. ಹೀಗೇ ವಾರಗಳು ಕಳೆದವು. ಅವಳ ಒತ್ತುಗೈ ಲೇಥ್ ಕಲಿಸುವ ಮಾಬೂಬಿ ನದಾಫ ಮೇಡಂ. ಸಂಜೆಯಾದರೆ ಎರಡು ಲೋಟ ಚಹಾ ಹಿಡಿದು ಕ್ಯಾಂಟೀನಿನ ಕಂಬದ ಹಿಂದೆ ನಿಂತು, ಆ ಹುಡುಗಿ ಒಂಟಿಯಾಗಿ ಕೂತದ್ದನ್ನು ನೋಡುತ್ತ, ಎರಡನ್ನೂ ತಾವೇ ಕುಡಿದು ಹೋಗುತ್ತಿದ್ದರು. ಮೆಸ್ಸಿನ ಬಸಲಿಂಗಪ್ಪನ ಪಾಡು ಇನ್ನೂ ಕಷ್ಟ. ಗೋಡೆಯನ್ನೂ ಬಿಡದೆ ಮಾತಾಡಿಸುವ ಮನುಷ್ಯ ಅವನು. ಅವಳ ತಟ್ಟೆಗೆ ರೊಟ್ಟಿ ಹಾಕಿ, ಮಾತು ಹೊರಗೆ ಬಿದ್ದೀತೆಂದು ಬಾಯಿಗೆ ಕೈ ಒತ್ತಿ ಹಿಡಿದು ನಿಲ್ಲುತ್ತಿದ್ದ. ನಾವೆಲ್ಲ ಎಷ್ಟು ಒಳ್ಳೆಯವರೆಂದು ನಮಗೆ ನಮ್ಮ ಮೇಲೆಯೇ ಅಭಿಮಾನ.

ಇವತ್ತು ಮಧ್ಯಾಹ್ನ ನಾನು ಕಟ್ಟೆಯ ನೆರಳಿನಲ್ಲಿ ಗಂಟಲಿಗೆ ಬಿಸಿನೀರು ಕುಡಿಯುತ್ತ ಕೂತಿದ್ದೆ. ಹುಡುಗಿ ಬಂದಳು. ಹೆಗಲಿಗೆ ಬ್ಯಾಗು.

“ಕೂಗುಗಾರ್ರೆ, ನಾಳೆಯಿಂದ ನನ್ ಹೆಸ್ರ್ ಕೂಗ್ಬೇಡಿ. ನಾ ಊರಿಗ್ ಹೋತೆ.”

“ಯಾಕವ್ವಾ!” ಎಂದೆ. ನಾನು ಮೆಲ್ಲಗೆ ಕೇಳಿದ್ದೇ, ಆದರೂ ವರ್ಕ್‌ಶಾಪಿನ ಚಾವಣಿಯ ಪಾರಿವಾಳಗಳು ಹಾರಿದವು.

“ಇಲ್ಲಿ ನಂಗೆ ಆತಿಲ್ಲೆ. ಯಾರೂ ಮಾತಾಡ್ಸುದಿಲ್ಲೆ. ಊಟಕ್ಕ್ ಕೂತ್ರೆ ಪಕ್ಕದವ್ರ್ ಎದ್ದ್ ಹೋತ್ರ್. ಮೇಡಂ ಕಂಬದ ಹಿಂದ್ ಅಡಗ್ತ್ರ್. ಆ ಬಸಲಿಂಗಪ್ಪ ನನ್ ಕಂಡ್ರೆ ಬಾಯಿಗ್ ಕೈ ಹಿಡಿತ್ರ್.” ಇಷ್ಟು ಹೇಳಿ, ತನ್ನ ತೋಳನ್ನು ತಾನೇ ಮೂಸಿ ನೋಡಿಕೊಂಡಳು. “ಸತ್ಯ ಹೇಳಿ. ನನ್ ಹತ್ರ ಅಷ್ಟ್ ಮೀನ್ ವಾಸ್ನೆ ಬತ್ತಾ?”

ಮಹಾಜನರೇ, ರಾಜ್ಯ ಕಳಕೊಂಡ ದೊರೆಯ ಪಾತ್ರ ಎಷ್ಟೋ ಸಲ ಮಾಡಿದ್ದೇನೆ. ಇವತ್ತು ವೇಷವಿಲ್ಲದೆಯೇ ಆ ದೊರೆಯಾದೆ. ಬಿಸಿನೀರಿನ ಲೋಟ ಕೆಳಗಿಟ್ಟು ಕೇಳಿದೆ:

“ಅಲ್ಲ ತಾಯಿ, ದಿನಾ ಬಿಗಿ ಬಿಗಿ ಅಂತ ಒದರಾಕಿ ನೀನ ಅಲ್ಲೇನು?”

“ಹೌದ್! ಬಿಗಿಯೇ ಇದ್ದೆ! ಬಿಗಿ ಅಂದ್ರೆ ಎಲ್ಲ ಚಂದ ಇತ್ತ್, ಬನ್ನಿ ಕೂತ್ಕಣಿ ಅಂದೇಳಿ ಅಲ್ದಾ?”

ಆಮೇಲೆ ಬಿಡಿಸಿ ಹೇಳಿದಳು. ತೇಲೂರಿನಲ್ಲಿ ಬೆಳಕು ಹರಿಯುತ್ತಲೇ ಅವಳ ಅಜ್ಜ ಮನೆಮನೆಯ ಹೆಸರು ಹಿಡಿದು ಕೂಗುತ್ತಾನಂತೆ. ಹಗ್ಗ ಹಿಡಿದ ಮನೆಯವರು “ಬಿಗಿ” ಎನ್ನಬೇಕು. ಹಗ್ಗ ಗಟ್ಟಿಯಾಗಿದೆ, ಮನೆ ಊರಿಗೆ ಅಂಟಿಕೊಂಡಿದೆ, ಯಾರೂ ತೇಲಿ ಹೋಗಿಲ್ಲ ಎಂದು ಅರ್ಥ. ಬಿಗಿ ಎಂದ ಮನೆಗೇ ಜನ ಗಂಜಿಗೆ ಬರುತ್ತಾರೆ. ಸಡಿಲ ಎಂಬ ಮಾತನ್ನು ಅಲ್ಲಿ ತಮಾಷೆಗೂ ಬಾಯಲ್ಲಿ ತರುವುದಿಲ್ಲ. ಇಲ್ಲಿ ಅಂಗಳದ ತುಂಬ ಮಕ್ಕಳು ‘ಸಡಿಲ, ಸಡಿಲ’ ಎನ್ನುವುದು ಕೇಳಿ ಅವಳು ಮೊದಲ ದಿನವೇ ನಡುಗಿದ್ದಳು. ಪಾಪ ಇವರೆಲ್ಲ ತೇಲಿ ಹೋಗುತ್ತಿದ್ದಾರೆ, ನಾನಾದರೂ ಧೈರ್ಯ ಕೊಡೋಣ ಎಂದು ದಿನಕ್ಕಿಷ್ಟು ದನಿ ಏರಿಸಿದ್ದಳು. ಅವಳು ಏರಿಸಿದಷ್ಟೂ ನಾವು ದೂರ ಸರಿದಿದ್ದೆವು!

ನಾನು ಎದ್ದು ನಿಂತು ವರ್ಕ್‌ಶಾಪಿನ ಕಡೆ ತಿರುಗಿ, “ಮಾಬೂಬೀ ಮೇಡಂ!” ಎಂದು ಕೂಗಿದೆ. ಲೇಥುಗಳೆಲ್ಲ ನಿಂತವು. ಮೇಡಂ ತಲೆಗೂದಲಿನಲ್ಲಿ ಕಬ್ಬಿಣದ ಸುರುಳಿ ಸಿಕ್ಕಿಸಿಕೊಂಡೇ ಓಡಿ ಬಂದರು. ಸಂಗತಿ ಕೇಳಿದವರು ಹುಡುಗಿಯ ಎರಡೂ ಕೈ ಹಿಡಿದರು.

“ಯವ್ವಾ, ದಿನಾ ನಿನ್ನ ಚಾ ನಾನ ಕುಡದು ನನಗ ನಿದ್ದೀನ ಇಲ್ಲಲ್ಲ! ಒಂದ ಮಾತು ಕೇಳಬಾರದಿತ್ತ?”

“ನೀವೇ ಕೇಳ್ಲಿಲ್ಯಲೆ!” ಎಂದಳು ಹುಡುಗಿ. ಮೇಡಂ ಹಿಡಿದ ಕೈ ಬಿಡದೆ, “ಖರೇ ಐತಿ. ಕೇಳಬೇಕಾದಾಕಿ ನಾನ” ಎಂದರು. ಆಮೇಲೆ ಇಬ್ಬರೂ ನಕ್ಕರು, ಅತ್ತರು, ಯಾವುದು ಮೊದಲೆಂದು ನನಗೂ ತಿಳಿಯಲಿಲ್ಲ. ಸುದ್ದಿ ಮೆಸ್ಸಿಗೆ ಮುಟ್ಟಿದ್ದೇ ಬಸಲಿಂಗಪ್ಪ ಸೌಟು ಹಿಡಿದೇ ಬಂದ. “ಮೀನಿನ ವಾಸನಿ ಅಂತ? ಅಯ್ಯ ನನ್ನವ್ವಾ, ನಿನಗ ಹೇಳಬೇಕಂತ ಎಷ್ಟು ಮಾತು ಹೊಟ್ಟ್ಯಾಗ ಇಟಗೊಂಡು ಉಬ್ಬೀನಿ ನೋಡು!” ಎಂದು ಶುರು ಮಾಡಿದವನು ಈ ಕಾಗದ ಬರೆಯುವ ಹೊತ್ತಿಗೂ ನಿಲ್ಲಿಸಿಲ್ಲ. ಅವಳು ಈಗ ರಾತ್ರಿಯೂಟಕ್ಕೆ ಕೂತು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಳೆ. ಸುತ್ತ ಕೂರಲು ಜಾಗವಿಲ್ಲ.

ಊಟಕ್ಕೆ ಮೊದಲು, ಸಂಜೆ, ನಮ್ಮ ಪ್ರಿನ್ಸಿಪಾಲರು ಎಲ್ಲರನ್ನೂ ಕರೆದಿದ್ದರು. ‘ಬಿಗಿ’ ಎಂಬ ಮಾತನ್ನೇ ಕೈಬಿಡೋಣವೇ ಎಂದು ಕೆಲವರು ಕೇಳಿದರು. ಬೇಡವೆಂದವಳು ಜಲಜಾಕ್ಷಿಯೇ. ಜಾಗ ಬೇಕಾದವರು ಏನನ್ನಬೇಕು ಮತ್ತೆ, ಎಂದು ಕೇಳಿದಳು. ಮುಂದಿನ ವರ್ಷದಿಂದ ಹೊಸಬರು ಬಂದ ದಿನ ಒತ್ತುಗೈ ಆದವರು ಮೊದಲು ನಮ್ಮ ಮೂರು ಮಾತಿನ ಅರ್ಥ ಹೇಳುವುದು, ನಂತರ ‘ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತೀರಿ’ ಎಂದು ಕೇಳಿ ಕಲಿಯುವುದು, ಎಂದು ಗೊತ್ತಾಯಿತು. ಅಜ್ಜಿಯರ ಕಾಲದ ಕಾಲೇಜು ಇಷ್ಟು ಸಣ್ಣದನ್ನು ಇವತ್ತು ಕಲಿಯಿತು.

ಈಗ ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಕಾಲೇಜಿನಲ್ಲೂ ನಿಮಗೆ ಉಸಿರಿನಷ್ಟು ಸಲೀಸಾದ ಮಾತುಗಳಿವೆ. ಶಾರ್ಟೇಜು, ಬ್ಯಾಕ್‌ಲಾಗು, ಇಂಟರ್ನಲ್ಸು ಎನ್ನುತ್ತೀರಿ. ‘ಏನಾದರೂ ಇದ್ದರೆ ಸ್ಟಾಫ್‌ರೂಮಿಗೆ ಬಾ’ ಎನ್ನುತ್ತೀರಿ. ತನ್ನ ಮನೆಯವರಲ್ಲೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳು ಸ್ಟಾಫ್‌ರೂಮಿನ ಬಾಗಿಲವರೆಗೆ ಬಂದು, ಒಳಗೆ ನಗು ಕೇಳಿ, ತನ್ನ ‘ಏನಾದರೂ’ ಅಷ್ಟು ದೊಡ್ಡದಲ್ಲವೆಂದುಕೊಂಡು ಹಿಂತಿರುಗಿರಬಹುದು. ನೀವು ಒಳ್ಳೆಯವರೆಂದು ನನಗೆ ಗೊತ್ತು. ನಾವೂ ಒಳ್ಳೆಯವರೇ ಆಗಿದ್ದೆವು. ಅವಳು ನಿಮ್ಮ ಮಾತನ್ನು ಹೇಗೆ ಕೇಳಿಸಿಕೊಂಡಳೆಂದು ಒಮ್ಮೆ ಅವಳನ್ನೇ ಕೇಳಿ.

ಜಲಜಾಕ್ಷಿ ಉಳಿಯುತ್ತಾಳೋ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದಂತಾಯಿತು. ನಾನೂ ಕೇಳಿದೆ. ಬ್ಯಾಗನ್ನು ಅವಳು ಕೋಣೆಗೆ ಒಯ್ದಿಲ್ಲ, ನನ್ನ ಕಟ್ಟೆಯ ಮೇಲೆಯೇ ಬಿಟ್ಟು ಊಟಕ್ಕೆ ಹೋಗಿದ್ದಾಳೆ. “ನಾಳೆ ಒಂದ್ ಸಲ ಕೂಗಿ ಕಾಣಿ” ಎಂದಳು, ಅಷ್ಟೇ. ಬ್ಯಾಗಿಗೆ ಇಬ್ಬನಿ ತಾಗದಿರಲೆಂದು ನನ್ನ ಶಾಲು ಹೊದಿಸಿದ್ದೇನೆ.

ನಾಳೆ ಬೆಳಗ್ಗೆ ಬಿಸಿನೀರಿನಲ್ಲಿ ಗಂಟಲು ತೊಳೆದು, ಕಟ್ಟೆ ಏರಿ, ಎಲ್ಲರಿಗಿಂತ ಮೊದಲು ಅವಳ ಹೆಸರನ್ನೇ ಕೂಗುತ್ತೇನೆ. ಕಡಲವರೆಗೂ ಕೇಳಿಸುವಂತೆ ಕೂಗುತ್ತೇನೆ. ಸರಿ ಎನ್ನಲಿ, ಸಡಿಲ ಎನ್ನಲಿ, ಬಿಗಿ ಎನ್ನಲಿ, ಅವಳ ಉತ್ತರ ಕೇಳಿಸಿದ ಕೂಡಲೇ ಕಟ್ಟೆಯಿಂದ ಇಳಿದು ಹೋಗಿ, ಹಾಗೆಂದರೆ ಏನವ್ವಾ ಎಂದು ಕೇಳುತ್ತೇನೆ.