ರೈಲಿನ ವೇಳೆ ನೋಡಿ ಆರಿಸಿದ ಡಿಗ್ರಿ

ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ಬಜೆಟ್ ಮಂಡಿಸುವ ಹಿಂದಿನ ದಿನ ದೆಹಲಿಯವರು ಸಲಹೆಗಾಗಿ ಫೋನ್ ಮಾಡುವ ಇಬ್ಬರಲ್ಲಿ ನಾನೊಬ್ಬ. ಇಂಥವನ ಅಕ್ಕನ ಮಗಳು ಲಿಖಿತಳನ್ನು ತಾವು ಬೇಡದ ಡಿಗ್ರಿಯೊಳಗೆ ಕೂಡಿಹಾಕಿ ಬೀಗ ಜಡಿದಿದ್ದೀರಿ. ಅದನ್ನು ತೆಗೆಸಲು ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ.

ಹುಡುಗಿಗೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವಾಸೆ. ಪಿಯುಸಿ ಗಣಿತದಲ್ಲಿ ತೊಂಬತ್ತಾರು ಅಂಕ. ಕೆಜಿಎಫ್‌ನಲ್ಲಿ ತಮ್ಮ ಅಧೀನದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಜೊತೆಗೆ ಗಣಿತವನ್ನೂ ಓದಬಹುದಿತ್ತು, ಇತಿಹಾಸವನ್ನೂ ಓದಬಹುದಿತ್ತು. ಗಣಿತದ ತರಗತಿ ಎಂಟೂವರೆಗೆ, ಇತಿಹಾಸದ್ದು ಹತ್ತಕ್ಕೆ. ಕಾಮಸಮುದ್ರದಲ್ಲಿ ಬಸ್ಸು ಹಿಡಿದು, ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕೆಜಿಎಫ್‌ನ ಊರಿಗಾಂ ನಿಲ್ದಾಣದಲ್ಲಿ ಇಳಿಯುವಾಗ ಒಂಬತ್ತೂವರೆ. ನಮ್ಮ ಕಡೆ ಡಿಗ್ರಿ ಆರಿಸುವ ಪದ್ಧತಿಯೇ ಹೀಗೆ: ಮೊದಲು ರೈಲಿನ ವೇಳೆ, ಆಮೇಲೆ ವಿಷಯ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮುಟ್ಟಿದ ಪಂಡಿತನಾದ ನಾನು, "ಅರ್ಥಶಾಸ್ತ್ರ ಅಂದ್ಮೇಲೆ ಎಲ್ಲಾ ಒಂದೇ ಕಣಮ್ಮಾ. ಇತಿಹಾಸ ತಗೋ, ನಿದ್ದೆನಾದ್ರೂ ಸಿಗ್ತದೆ" ಎಂದು ಅರ್ಜಿಯಲ್ಲಿ ನನ್ನ ಕೈಯಾರೆ ಗುರುತು ಹಾಕಿದೆ.

ಎರಡನೇ ಸೆಮಿಸ್ಟರಿಗೆ ಹೊಸದಾಗಿ ಬಂದ ಶ್ರೀಧರ್ ಮೇಷ್ಟ್ರು ಅವಳಿಗೆ ನಿಜ ಹೇಳಿದರು. ಡಾಕ್ಟರೇಟಿಗೆ ಆರಿಸುವವರು ಮೊದಲು ನೋಡುವುದು ಗಣಿತ, ಸಂಖ್ಯಾಶಾಸ್ತ್ರ. ಪದವಿಯಲ್ಲಿ ಅವಿಲ್ಲದಿದ್ದರೆ ದಾರಿ ಬಹಳ ಕಷ್ಟ.

"ಮಾವ, ನೀನು ನನ್ನನ್ನ ಕಾಲೇಜಿಗೆ ಸೇರಿಸ್ಲಿಲ್ಲ, ರೈಲಿಗೆ ಸೇರಿಸ್ದೆ" ಎಂದಳು ಲಿಖಿತ.

ಅಕ್ಕ ನರಸಮ್ಮ ಸುಮ್ಮನಿರುವವಳೇ? "ಏನ್ಲಾ, ಎಮ್ಮೆ ಕೊಳ್ಳೋವಾಗ ಬಾಯಿ ತೆಗ್ಸಿ ಹಲ್ಲೆಣಿಸ್ತೀಯ. ಮಗೂನ ಸೇರ್ಸೋವಾಗ ತಿಳ್ದೋರ್ನ ಒಂದು ಮಾತು ಕೇಳಕ್ಕೆ ನಿಂಗೇನು ರೋಗ?"

ತಪ್ಪು ನನ್ನದೇ. ಆದರೆ ತಿದ್ದಿಕೊಳ್ಳಲು ತಾವೆಲ್ಲಿ ಬಿಟ್ಟಿರಿ? ವಿಷಯ ಬದಲಿಸಲು ತರಗತಿ ಶುರುವಾದ ಹದಿನೈದು ದಿನ ಮಾತ್ರ ಅವಕಾಶವಂತೆ. ಮದುವೆ ಮುರಿಯಲೂ ಇದಕ್ಕಿಂತ ಹೆಚ್ಚು ದಿನ ಕೊಡುತ್ತಾರೆ, ಸ್ವಾಮಿ! ಕಾಲೇಜು "ವಿಶ್ವವಿದ್ಯಾಲಯ ಒಪ್ಪಲಿ" ಎನ್ನುತ್ತದೆ, ತಮ್ಮ ಕಚೇರಿ "ಕಾಲೇಜು ಬರೆಯಲಿ" ಎನ್ನುತ್ತದೆ. ಬೇರೆ ಕಡೆ ಸೇರೋಣವೆಂದರೆ, ಮೂರೂ ವರ್ಷದ ಫೀಸು ಕಟ್ಟದೆ ಟಿ.ಸಿ. ಕೊಡುವುದಿಲ್ಲವಂತೆ. ಓದದ ಎರಡು ವರ್ಷಕ್ಕೂ ಫೀಸು ಕೇಳುವುದು ಯಾವ ಅರ್ಥಶಾಸ್ತ್ರ? ಈಗಲೂ ದಿನಾ ಅದೇ ರೈಲಿನಲ್ಲಿ ಹೋಗುತ್ತಾಳೆ, ಕಿಟಕಿಯ ಪಕ್ಕ ಕೂತು ಗಣಿತದ ಪುಸ್ತಕ ಬಿಚ್ಚುತ್ತಾಳೆ, ಪರೀಕ್ಷೆ ಬರೆಯುವುದು ಮಾತ್ರ ಇತಿಹಾಸಕ್ಕೆ.

ನನ್ನ ಬೇಡಿಕೆ ಒಂದೇ. ಜುಲೈನಲ್ಲಿ ಮೊದಲ ವರ್ಷದ ಗಣಿತದ ತರಗತಿಗೆ ಅವಳನ್ನು ಸೇರಿಸಲು ಆದೇಶ ಕೊಡಿ; ಎಂಟೂವರೆಗೆ ಅವಳನ್ನು ಅಲ್ಲಿ ಮುಟ್ಟಿಸುವ ಹೊಣೆ ನನ್ನದು. ಆಗದಿದ್ದರೆ ಉಳಿದ ಫೀಸಿಲ್ಲದೆ ಟಿ.ಸಿ. ಕೊಡಿಸಿ. ಬಾಯಿಮಾತು ಬೇಡ, ಕಾಗದದಲ್ಲಿ ಬರಲಿ.

ಬಾಯಿಮಾತು ನಂಬಿ ಒಮ್ಮೆ ಕೆಟ್ಟಿದ್ದೇನೆ. ತಮ್ಮ ಕಚೇರಿಯೆದುರಿನ ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ, ಒಳಗೆ ತನ್ನ ಜನ ಇದ್ದಾರೆ, ವಾರದಲ್ಲಿ ವಿಷಯ ಬದಲಿಸಿಕೊಡುತ್ತೇನೆ ಎಂದ. ದುಡ್ಡು ಎಣಿಸಿಕೊಟ್ಟ ಮೇಲೆ ಅವನ ಫೋನೂ ಇಲ್ಲ, ಅವನೂ ಇಲ್ಲ. ಲಂಚ ಕೊಟ್ಟವನು ಪೊಲೀಸರ ಹತ್ತಿರ ಯಾವ ಮುಖ ಹೊತ್ತು ಹೋಗಲಿ? ಮನೆಯಲ್ಲಿ ಎರಡು ಸಾವಿರ ಹೋಯಿತು ಎಂದಿದ್ದೇನೆ. ಈ ಪತ್ರ ಅಚ್ಚಾದರೆ ಲಿಖಿತಳೇ ಅವರಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಹೇಳಲಿ. ಹೋದದ್ದು ಮೂವತ್ತೆಂಟು ಸಾವಿರ. ಅಕ್ಕ ಎರಡನೇ ವರ್ಷದ ಫೀಸಿಗೆಂದು ನನ್ನ ಕೈಗೆ ಕೊಟ್ಟಿದ್ದ ಅಷ್ಟೂ ದುಡ್ಡು.

ಇಂತಿ,
ಈ ವಾರ ಮನೆಯೊಳಗೆ ಕಾಲಿಡಲು ಅಂಜುವ
ಮುನಿಸ್ವಾಮಪ್ಪ, ಕಾಮಸಮುದ್ರ