ಓಟ ಮುಗಿಯುವ ತನಕ

ಅಪ್ಪಾ,

ನೀವು ಮೂವತ್ತು ವರ್ಷ ಊದಿದ ಸೀಟಿ, ನೀವು ತೀರಿಕೊಂಡ ಮೇಲೆ ನನ್ನ ಕೊರಳಿಗೆ ಬಂತು. ಇವತ್ತು ಮಿರಜಿನ ಅದೇ ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದೆ. ಮೂರನೇ ಸುತ್ತಿಗೆ ಆರಗ ಊರಿನ ಸಾಯಲಿ ನಿಂತುಬಿಟ್ಟಳು.

"ಮ್ಯಾಡಂ, ಒಂದ ಗುಟುಕು ನೀರ ಕೊಡ್ರಿ."

"ಓಟ ಮುಗಿಯೂತನಕ ನೀರಿಲ್ಲ!" ಅಂದುಬಿಟ್ಟೆ. ನಿಮ್ಮದೇ ಮಾತು, ನಿಮ್ಮದೇ ದನಿ. ದಣಿದಾಗ ನೀರು ಕುಡಿಯಲೇಬೇಕೆಂದು ಬೆಳಿಗ್ಗೆ ತರಗತಿಯಲ್ಲಿ ಪಾಠ ಮಾಡಿದವಳೂ ನಾನೇ.

ಅವಳು ಮತ್ತೆ ಓಡಿದಳು. ಕಾಲುಗಳು ಅಡ್ಡಾದಿಡ್ಡಿ ಬೀಳತೊಡಗಿದವು. ನಾನು ಓಡಿಹೋಗಿ ಬಾಟಲಿಯನ್ನು ತುಟಿಗಿಟ್ಟರೆ ಹೆದರಿ ಮುಖ ತಿರುಗಿಸಿದಳು.

"ಇನ್ನೂ ಮುಗದಿಲ್ಲರಿ, ಮ್ಯಾಡಂ."

ಗದರಿಸಿ ಕುಡಿಸಿದೆ. ಈಗ ಆರಾಮಾಗಿದ್ದಾಳೆ.

ಇಲ್ಲೇ ಅಕ್ಕ ಬಿದ್ದು ಮತ್ತೆ ಏಳದ ದಿನವೂ ಬಾಟಲಿ ನನ್ನ ಕೈಯಲ್ಲೇ ಇತ್ತು, ಅಪ್ಪಾ. ಬೀಳುವ ಮುಂಚೆ ಅವಳು ನನ್ನ ಕಡೆ ನೋಡಿದಳು. ನಾನು ನಿಮ್ಮ ಮುಖ ನೋಡಿದೆ.